ಎಂಟು ಮಿಲಿಮೀಟರಿನ ಬಳೆ

ಟಿಕ್.

ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಿಕ್. ಅವಳು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಪಕ್ಕದಲ್ಲಿ ಅಮ್ಮ ಗೋಡೆಯ ಕಡೆ ಮಗ್ಗುಲಾಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಆ ಗೋಡೆಯ ಆಚೆಗೆ ಅಪ್ಪನ ಲೇತ್ ಶೆಡ್ಡು. ಸದ್ದು ಯಾವುದೆಂದು ಅವಳು ಯೋಚಿಸಬೇಕಾಗಿಯೇ ಇರಲಿಲ್ಲ. ಅಳತೆ ನೋಡುವ ವರ್ನಿಯರಿನ ಎರಡು ದವಡೆಗಳು ಒಂದನ್ನೊಂದು ಮುಟ್ಟುವ ಸದ್ದು. ಮಾತು ಬರುವ ಮೊದಲೇ ಅವಳ ಕಿವಿಗೆ ಬಿದ್ದದ್ದು. ಅಪ್ಪ ಈ ಹೊತ್ತಿನಲ್ಲಿ ಎದ್ದು ಕೂತು ಏನನ್ನೋ ಅಳೆಯುತ್ತಿದ್ದ. ಅಳೆದು, ದವಡೆ ಮುಚ್ಚಿ, ಇನ್ನೊಂದನ್ನು ಎತ್ತಿಕೊಂಡು, ಮತ್ತೆ ಅಳೆಯುತ್ತಿದ್ದ. ಸಂಜೆ ಕಾಲೇಜಿನ ಲ್ಯಾಬ್ ಮೇಷ್ಟ್ರು ಫೋನ್ ಮಾಡಿದ್ದರು. ಗುಂಡಿ ಸರಿಯಾಗಿ ಕಾಣುವುದಿಲ್ಲವೆಂದು ಅಪ್ಪ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು, ಹಾಗಾಗಿ ಊಟದ ತಟ್ಟೆಯ ಮುಂದೆ ಕೂತಿದ್ದ ಅವಳಿಗೂ ಪ್ರತಿ ಮಾತೂ ಕೇಳಿಸಿತ್ತು. "ಯಜಮಾನ್ರೇ, ಹುಡುಗ್ರ ಕಾರಿಗೆ ಸ್ಟೀರಿಂಗ್ ರಿಂಗ್ ಮಾಡ್ಕೊಟ್ಟಿದ್ರಲ್ಲ, ಆಮೇಲಿಂದು, ಸ್ಪೇರ್ ಜೊತೆ. ಅದರ ಅಳತೆ ಯಾಕೋ ಬೇರೆ ಬರ್ತಿದೆ. ನಾಳೆ ಬೆಳಿಗ್ಗೆ ತರ್ತೀನಿ, ನೀವೇ ಒಂದ್ಸಲ ನೋಡ್ಬಿಡಿ." ಫೋನ್ ಇಟ್ಟ ಮೇಲೆ ಅಪ್ಪ ಅವಳ ಕಡೆ ತಿರುಗಿ, "ಏನಂತೆ?" ಎಂದಿದ್ದ, ಅವಳಿಗೆ ಗೊತ್ತಿರಬೇಕು ಎಂಬಂತೆ. "ನಂಗೇನ್ ಗೊತ್ತಪ್ಪ" ಎಂದು ಅವಳು ತಟ್ಟೆಯ ಅಂಚಿನಲ್ಲಿ ಅಂಟಿದ್ದ ಅಗುಳನ್ನು ಬೆರಳಿನಿಂದ ಬಿಡಿಸತೊಡಗಿದ್ದಳು. ಈಗ ಎದ್ದು ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿಬಿಡಬಹುದು. ಹೇಳಬೇಕಾದದ್ದು ನಾಲ್ಕು ಮಾತು. ನಾಲ್ಕನ್ನೂ ಮನಸ್ಸಿನಲ್ಲಿ ಜೋಡಿಸಿದಳು, ಒಂದನ್ನು ಬದಲಿಸಿದಳು, ಮತ್ತೆ ಹಳೆಯದನ್ನೇ ಇಟ್ಟಳು. ಟಿಕ್. ಕಾಲಿನ ಬೆರಳುಗಳು ತಣ್ಣಗಾಗಿದ್ದವು. ಚಾದರವನ್ನು ಕೆಳಕ್ಕೆ ಎಳೆದುಕೊಂಡಳು.

ಅವಳು ಮಾಡಿದ್ದು ಇಷ್ಟೇ. ಕಾಲೇಜಿನ ಹುಡುಗರು ತಾವೇ ಕಟ್ಟಿದ ಆ ಪುಟ್ಟ ರೇಸ್ ಕಾರಿನಲ್ಲಿ ಸ್ಟೀರಿಂಗಿನ ಜವಾಬ್ದಾರಿ ಅವಳದು. ಸ್ಟೀರಿಂಗ್ ತಿರುಗಿಸಿದರೆ ಕಾರಿನ ಮುಂದುಗಡೆ ಅಡ್ಡಲಾಗಿ ಮಲಗಿರುವ ಹಲ್ಲಿನ ಸರಳೊಂದು ಎಡಕ್ಕೋ ಬಲಕ್ಕೋ ಸರಿಯುತ್ತದೆ, ಅದರ ತುದಿಗೆ ಸಿಕ್ಕಿಸಿದ ಕಡ್ಡಿ ಚಕ್ರವನ್ನು ದಬ್ಬುತ್ತದೆ. ಸರಳು ಎಷ್ಟು ಬೇಕೋ ಅಷ್ಟೇ ಸರಿಯಬೇಕು. ಅದಕ್ಕಿಂತ ಹೆಚ್ಚು ಸರಿದರೆ, ಪೂರ್ತಿ ಚಾಚಿದ ಮೊಣಕೈಯನ್ನು ಇನ್ನೂ ದಬ್ಬಿದ ಹಾಗೆ, ಕಡ್ಡಿಯ ಕೀಲು ನೆಟ್ಟಗಾಗಿ ಆಚೆಗೆ ಮಗುಚಿಕೊಳ್ಳುತ್ತದೆ. ಆಮೇಲೆ ಚಾಲಕ ಏನೇ ಎಳೆದಾಡಿದರೂ ಚಕ್ರ ಹಿಂದಕ್ಕೆ ಬರುವುದಿಲ್ಲ. ಹಾಗಾಗಬಾರದೆಂದು ಸರಳಿನ ಎರಡು ತುದಿಗೂ ಒಂದೊಂದು ಉಕ್ಕಿನ ರಿಂಗ್. ಸರಳು ಸರಿದು ಬಂದಾಗ ರಿಂಗು ಹೊರಗಿನ ಕೊಳವೆಗೆ ತಾಗಿ, ಸಾಕು ನಿಲ್ಲು, ಅನ್ನುತ್ತದೆ. ಹನ್ನೆರಡು ಮಿಲಿಮೀಟರ್ ಅಗಲ ಇರಬೇಕೆಂದು ಲೆಕ್ಕ ಹಾಕಿದವಳು ಅವಳೇ. ಮೂರು ರಾತ್ರಿ ಕೂತು ಹಾಕಿದ ಲೆಕ್ಕ. ನಕ್ಷೆಯ ಮೂಲೆಯಲ್ಲಿ ಅವಳ ಸಹಿ, ಅದರ ಕೆಳಗೆ ಮೇಷ್ಟ್ರ ಸಹಿ. ಅಪ್ಪ ತನ್ನ ಲೇತಿನಲ್ಲಿ ಎರಡು ರಿಂಗ್ ಕಡೆದುಕೊಟ್ಟ, ಕೆಲವು ತಿಂಗಳ ಮೇಲೆ ಸ್ಪೇರ್ ಇರಲಿ ಎಂದು ಇನ್ನೆರಡು. ಎಲ್ಲವೂ ಹನ್ನೆರಡೇ. ಆ ಎರಡನೆಯ ಜೊತೆಯನ್ನು ಅವಳು ಯಾರಿಗೂ ಹೇಳದೆ ಎಂಟಕ್ಕೆ ಇಳಿಸಿದ್ದಳು.

ರಿಂಗಿಗೆ ಬಳೆ ಎಂದು ಹೆಸರಿಟ್ಟದ್ದು ತಂಡದ ಕ್ಯಾಪ್ಟನ್. ಮೈದಾನದ ಹಿಂದಿನ ಹಳೆಯ ಪಾರ್ಕಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಶಂಕುಗಳನ್ನು ಸಾಲಾಗಿ ಇಟ್ಟು ಓಡಿಸುತ್ತಿದ್ದರು. ಕೊನೆಯ ಸಂದು ತಿರುವಿನಲ್ಲಿ ಕಾರು ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ, ಪ್ರತಿ ಸುತ್ತಿಗೂ ಒಂದು ಶಂಕು ಉರುಳುತ್ತಿತ್ತು. "ಕಾರಿಗೆ ಬಳೆ ತೊಡಿಸಿ ಕೂರಿಸಿದಾಳಪ್ಪ ನಮ್ಮ ಮೇಡಮ್ಮು. ಇನ್ನು ಅದು ಹೊಸ್ತಿಲು ದಾಟಿದ ಹಾಗೇ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗದಿದ್ದರೆ ಇನ್ನೂ ಒಂದು ವಾರ ಅದೇ ಮಾತು ನಡೆಯುತ್ತದೆಂದು ಗೊತ್ತಿತ್ತು. ನಗದವನು ಗುಬ್ಬಿ ಒಬ್ಬನೇ. ಚಾಲಕ. ಆ ಕಾರಿನ ಗೂಡಿನಲ್ಲಿ ಮೊಣಕಾಲು ತಾಗದೆ ಕೂರಬಲ್ಲ ಆಳು ಅವನೊಬ್ಬನೇ ಆದ್ದರಿಂದ ಆ ಹೆಸರು. ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುತ್ತ, "ಬಳೆ ಇರೋದಕ್ಕೆ ನನ್ನ ಕೈ ಇದೆ ಕಣ್ರೋ" ಎಂದ. ಆ ಮಾತು ಅವಳಿಗೆ ನಗೆಗಿಂತ ಹೆಚ್ಚು ಚುಚ್ಚಿತು. ತನ್ನ ಪರವಾಗಿ ಒಬ್ಬ ಮಾತಾಡಬೇಕಾಗಿ ಬಂತಲ್ಲ ಎಂದು. ಮನೆಗೆ ಬಂದು ಮತ್ತೆ ಲೆಕ್ಕ ತೆಗೆದಳು. ರಿಂಗಿನ ಅಗಲ ಕಡಿಮೆಯಾದಷ್ಟೂ ಸರಳು ಹೆಚ್ಚು ಸರಿಯುತ್ತದೆ, ಕಾರು ಹೆಚ್ಚು ತಿರುಗುತ್ತದೆ. ಎಂಟು ಇಟ್ಟರೂ ಕೀಲು ಮಗುಚುವುದಕ್ಕೆ ಒಂದು ಮಿಲಿಮೀಟರ್ ಉಳಿಯುತ್ತದೆ ಎಂದು ಕಾಗದ ಹೇಳಿತು. ಒಂದು ಮಿಲಿಮೀಟರ್ ಕಡಿಮೆಯೇನಲ್ಲ ಎಂದು ಅವಳು ಅಂದುಕೊಂಡಳು. ತಂಡದಲ್ಲಿ ಒಂದು ಪುಸ್ತಕವಿತ್ತು. ಕಾರಿನ ಯಾವುದೇ ಭಾಗದ ಅಳತೆ ಬದಲಾದರೆ ಅದರಲ್ಲಿ ಬರೆದು ಇಬ್ಬರು ಸಹಿ ಹಾಕಬೇಕು. ಸವೆದ ಭಾಗ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿದರೆ ಹಾಕಿದವರ ಸಹಿಯೊಂದೇ ಸಾಕು. ಎರಡನೆಯ ಸಹಿಗೆ ಹೋದರೆ ಕ್ಯಾಪ್ಟನ್ ಮುಂದೆ ನಿಂತು, ನನ್ನ ಮೊದಲನೆಯ ಲೆಕ್ಕ ತಪ್ಪಾಗಿತ್ತು, ಎನ್ನಬೇಕು. ಅವನು ಜೋರಾಗಿ ಓದಿ ಹೇಳುತ್ತಾನೆ. ಅವಳು ಬರೆದಳು: ಹಳೆಯ ರಿಂಗಿನ ಅಂಚಿಗೆ ಏಟು ಬಿದ್ದಿರುವುದರಿಂದ ತೆಗೆದು ಸ್ಪೇರ್ ಹಾಕಲಾಗಿದೆ. ಅಳತೆ ಹನ್ನೆರಡು. ಅಕ್ಷರಗಳು ದುಂಡಗಿದ್ದವು, ಒಂದೂ ಅಳುಕಿರಲಿಲ್ಲ. ಈಗ ನೆನೆಸಿಕೊಂಡರೆ ಅದೇ ಹೆಚ್ಚು ಹೆದರಿಸುತ್ತದೆ.

ಅಪ್ಪನನ್ನು ಅಮ್ಮ ಕಣ್ಣಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದ ಭಾನುವಾರ ಅದು. ವರ್ಷದಿಂದ ತಳ್ಳಿಕೊಂಡು ಬಂದದ್ದು. ಪೊರೆ ಬಲಿತಿದೆ, ಎರಡೂ ಕಣ್ಣಿಗೆ. ಮನೆ ಖಾಲಿಯಾದ ಮೇಲೆ ಅವಳು ಶೆಡ್ಡಿನ ದೀಪ ಹಾಕಿ, ಕಾಲೇಜಿನಿಂದ ಚೀಲದಲ್ಲಿ ತಂದಿದ್ದ ಸ್ಪೇರ್ ರಿಂಗುಗಳನ್ನು ಒಂದೊಂದಾಗಿ ಲೇತಿನ ಹಿಡಿತಕ್ಕೆ ಬಿಗಿದು, ಅಪ್ಪ ಕಲಿಸಿದ ಹಾಗೆಯೇ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದಳು. ಆಮೇಲೆ ಸ್ವಿಚ್ಚು. ಟೂಲ್ ತಾಗಿದ ಕೂಡಲೇ ಉಕ್ಕು ನೀಲಿ ಸುರುಳಿಯಾಗಿ ಕಳಚಿಕೊಂಡು ಬಂತು. ಒಂದೇ ಸಮನೆ, ತುಂಡಾಗದೆ. ಹನ್ನೆರಡನೆಯ ವಯಸ್ಸಿನಲ್ಲಿ ಅವಳು ಮೊದಲ ಸಲ ಕಡೆದದ್ದನ್ನು ಅಪ್ಪ ಬೆಳಕಿಗೆ ಹಿಡಿದು, "ಇದೇನು, ಇಲಿ ಕಚ್ಚಿದ ಹಾಗಿದೆ" ಎಂದಿದ್ದ. ಹದಿನಾರರಲ್ಲಿ, "ಪರವಾಗಿಲ್ಲ" ಎಂದಿದ್ದ. ಆಮೇಲೆ ಏನಾದರೂ ಅನ್ನುವುದನ್ನೇ ಬಿಟ್ಟಿದ್ದ. ಕೊನೆಯಲ್ಲಿ ಅಂಚು ಮುರಿಯಬೇಕು. ಕಡೆದ ಉಕ್ಕಿನ ಅಂಚು ಬ್ಲೇಡಿನಂತಿರುತ್ತದೆ, ಅದನ್ನು ಕೂದಲೆಳೆಯಷ್ಟು ಓರೆಯಾಗಿ ತೆಗೆಯುವುದು. ಬೇರೆ ಟರ್ನರುಗಳು ಅರದಿಂದ ನಾಲ್ಕು ಸಲ ಉಜ್ಜಿ ಕೈ ತೊಳೆದುಕೊಳ್ಳುತ್ತಾರೆ. ಅಪ್ಪ ಟೂಲಿನಲ್ಲೇ, ಒಂದೇ ಗೆರೆಯಲ್ಲಿ, ಒಳಗಿನ ಅಂಚಿಗೂ ಹೊರಗಿನ ಅಂಚಿಗೂ. "ಮುಟ್ಟಿದವರ ಬೆರಳಿಗೆ ನಮ್ಮ ಮರ್ಯಾದೆ ಗೊತ್ತಾಗ್ಬೇಕು" ಅನ್ನುತ್ತಿದ್ದ. ಅವಳೂ ಹಾಗೇ ಮಾಡಿದಳು. ರಿಂಗು ಕೈಗೆ ಬಂದಾಗ ಬಿಸಿಯಿತ್ತು. ಅಂಗೈಯಲ್ಲಿ ಹೊರಳಿಸಿ ನೋಡಿದಳು. ಖುಷಿಯಾಗಿತ್ತು, ಆ ದಿನ ಖುಷಿಯಾಗಿತ್ತು ಎಂಬುದನ್ನು ಯಾರ ಮುಂದೆಯೂ ಹೇಳುವಂತಿಲ್ಲ. ನೆಲದ ಮೇಲಿನ ಸುರುಳಿಗಳನ್ನು ಗುಡಿಸಿ ಪೇಪರಿನಲ್ಲಿ ಸುತ್ತಿ ಬೀದಿಯ ಕೊನೆಯ ತೊಟ್ಟಿಗೆ ಹಾಕಿ ಬಂದಳು.

ಸ್ಟೀರಿಂಗಿನ ಯಾವ ಭಾಗ ಬದಲಿಸಿದರೂ ಕಾರನ್ನು ನಾಲ್ಕು ಚಕ್ರದ ಮೇಲೆ ನೆಲಕ್ಕೆ ಇಳಿಸಿ, ಚಾಲಕನನ್ನು ಕೂರಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡಬೇಕು. ಚಾಲಕ ಇಲ್ಲದಿದ್ದರೆ ಅವನ ತೂಕದಷ್ಟು ಮರಳಿನ ಚೀಲ ಇಡಬೇಕು. ಈ ಪದ್ಧತಿಯನ್ನು ಶುರುಮಾಡಿದವಳೂ ಅವಳೇ. ಸೋಮವಾರ ಬೆಳಕು ಹರಿಯುವ ಮೊದಲು ವರ್ಕ್‌ಶಾಪಿನಲ್ಲಿ ಅವಳು ಒಬ್ಬಳೇ ಇದ್ದಳು. ಕಾರು ಸ್ಟ್ಯಾಂಡಿನ ಮೇಲಿತ್ತು, ಚಕ್ರಗಳು ಗಾಳಿಯಲ್ಲಿ ಜೋತುಬಿದ್ದಿದ್ದವು. ಅದನ್ನು ಇಳಿಸಲು ಇಬ್ಬರು ಬೇಕು. ಇನ್ನೊಬ್ಬರನ್ನು ಕರೆದರೆ, ಯಾಕೆ, ಎಂದು ಕೇಳುತ್ತಾರೆ. ನೆಲದ ಮೇಲೆ ಅಂಗಾತ ಮಲಗಿ, ಒಂದು ಕೈಯಿಂದ ಸ್ಟೀರಿಂಗ್ ತಿರುಗಿಸುತ್ತ ಕೀಲನ್ನೇ ನೋಡಿದಳು. ಮಗುಚಲಿಲ್ಲ. ಕಾಗದ ಹೇಳಿದ ಒಂದು ಮಿಲಿಮೀಟರ್ ಅಲ್ಲೇ ಇತ್ತು. ಜೋತುಬಿದ್ದ ಚಕ್ರದ ಕೀಲು ಒಂದು ಕೋನದಲ್ಲಿರುತ್ತದೆ, ಮೈಮೇಲೆ ಭಾರ ಬಿದ್ದು ಮೇಲಕ್ಕೊತ್ತಿದ ಚಕ್ರದ ಕೀಲು ಇನ್ನೊಂದು ಕೋನದಲ್ಲಿ. ಚಕ್ರ ಮೇಲೆದ್ದಷ್ಟೂ ಅದು ಬೇಗ ನೆಟ್ಟಗಾಗುತ್ತದೆ. ಇದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕಿರಿಯರಿಗೆ ಹಲಗೆಯ ಮೇಲೆ ಬರೆದು ವಿವರಿಸಿದ್ದಳು. ಆ ಬೆಳಿಗ್ಗೆ ಅವಳಿಗೆ ಅದು ನೆನಪಾಗಲಿಲ್ಲವೋ, ನೆನಪಾದದ್ದನ್ನು ಪಕ್ಕಕ್ಕೆ ಸರಿಸಿದಳೋ, ಎಂಟು ದಿನದಿಂದ ಬಗೆಹರಿಯದೆ ಉಳಿದದ್ದು ಅದೊಂದೇ. ಬೆನ್ನಿಗೆ ತಣ್ಣಗೆ ತಾಗುತ್ತಿದ್ದ ಸಿಮೆಂಟಿನ ನೆಲ ನೆನಪಿದೆ. ಎಣ್ಣೆಯ ವಾಸನೆ ನೆನಪಿದೆ. ಆ ಒಂದು ಕ್ಷಣ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಅದೇ ದಿನ ಮೊದಲ ಸುತ್ತು ಮುಗಿಸಿ ಬಂದ ಗುಬ್ಬಿ ಹೆಲ್ಮೆಟ್ ಎತ್ತಿ, "ಏನ್ ಮಾಡ್ದೆ ಮಾರಾಯ್ತಿ ಇದಕ್ಕೆ? ಬೆಣ್ಣೆ ತಿರುಗಿದ ಹಾಗೆ ತಿರುಗ್ತಿದೆ!" ಎಂದು ಕೂಗಿದ.

"ಗ್ರೀಸ್ ಹಾಕ್ದೆ."

"ಬರೀ ಗ್ರೀಸಿಗೆ ಇಷ್ಟು ಮಹಿಮೆನಾ? ಹಂಗಾದ್ರೆ ಕ್ಯಾಪ್ಟನ್ ತಲೆಗೂ ಒಂದ್ ಡಬ್ಬಿ ಹಾಕು."

ಎಂಟನೆಯ ಸುತ್ತಿಗೆ ಸಂದು ತಿರುವಿನಲ್ಲಿ ಬಲಗಡೆಯ ಚಕ್ರ ಒಂದು ತಗ್ಗಿಗೆ ಇಳಿದು ಮೇಲೆದ್ದಿತು. ಅಷ್ಟೇ. ತಗ್ಗು ಅಂಗೈಯಷ್ಟೂ ಆಳವಿರಲಿಲ್ಲ. ಕಾರು ತಿರುವು ಮುಗಿಸಿ ನೇರವಾಗಬೇಕಾದ ಕಡೆ ನೇರವಾಗಲಿಲ್ಲ, ತಿರುಗುತ್ತಲೇ ಹೋಯಿತು, ಕಾಂಪೌಂಡಿನ ಸಿಮೆಂಟ್ ಕಂಬಕ್ಕೆ ಮೂತಿ ಕೊಟ್ಟು ನಿಂತಿತು. ಎಲ್ಲರೂ ಓಡಿದರು. ಅವಳೂ ಓಡಿದಳು, ಆದರೆ ಎಲ್ಲರೂ ಗುಬ್ಬಿಯ ಕಡೆಗೆ ಓಡಿದಾಗ ಅವಳ ಕಣ್ಣು ಮೊದಲು ಹೋದದ್ದು ಬಲಗಡೆಯ ಚಕ್ರದ ಕಡೆಗೆ. ಅದು ಒಳಮುಖವಾಗಿ ಮಡಿಚಿಕೊಂಡು, ಮಂಡಿ ಹಿಂದಕ್ಕೆ ಮುರಿದ ಪ್ರಾಣಿಯ ಕಾಲಿನ ಹಾಗಿತ್ತು. ಅವಳಿಗೆ ಆಗಲೇ ಎಲ್ಲ ಗೊತ್ತಾಯಿತು. ಆಮೇಲೆ ಗುಬ್ಬಿಯ ಕಡೆ ನೋಡಿದಳು. ಸ್ಟೀರಿಂಗ್ ಗಿರ್ರನೆ ತಿರುಗಿ ಅವನ ಬಲಗೈಯ ಹೆಬ್ಬೆರಳನ್ನು ಹಿಂದಕ್ಕೆ ಮಡಿಚಿ ಹಾಕಿತ್ತು. ಮೊದಲು ಚಕ್ರ, ಆಮೇಲೆ ಮನುಷ್ಯ. ಈ ಕ್ರಮವನ್ನು ಯಾರೂ ಗಮನಿಸಲಿಲ್ಲ.

ಆಸ್ಪತ್ರೆಗೆ ಹೋದಾಗ ಅವನ ಕೈ ಮೊಣಕೈವರೆಗೆ ಬಿಳಿಯ ಕಟ್ಟಿನಲ್ಲಿತ್ತು. ಹೆಬ್ಬೆರಳು ಇನ್ನು ಪೂರ್ತಿ ಮಡಿಸಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಂಚದ ಪಕ್ಕದಲ್ಲಿ ಅವನ ಅಪ್ಪ ನಿಂತಿದ್ದ, ಕೈ ಕಟ್ಟಿಕೊಂಡು. "ಆಟದ ಕಾರು ಓಡ್ಸೋಕೂ ಬರಲ್ಲ ಇವನಿಗೆ" ಎಂದು ಅವಳಿಗೆ ಹೇಳಿದ, ಅವಳು ಒಪ್ಪುತ್ತಾಳೆಂಬ ಖಾತ್ರಿಯಿಂದ. ಗುಬ್ಬಿ ಅವಳ ಮುಖ ನೋಡದೆ, "ಸಾರಿ ಕಣೇ. ನಿನ್ನ ಗಾಡಿ ಹಾಳ್ಮಾಡ್ಬಿಟ್ಟೆ. ವಾಪಸ್ ಎಳೀಬೇಕಿತ್ತು, ಕೈನೇ ಆಡ್ಲಿಲ್ಲ. ಗಾಬರಿಯಾಗ್ಬಿಟ್ಟೆ ಅನ್ಸುತ್ತೆ" ಎಂದ. ಅವನು ಎಳೆದಿದ್ದ. ಎಳೆದರೂ ಬರುವಂತಿರಲಿಲ್ಲ. ಅವಳು ಬಾಯಿ ತೆರೆದಳು, "ನೀರು ಬೇಕಾ?" ಎಂದಳು. ಲೋಟ ಹಿಡಿಯಲು ಅವನು ಎಡಗೈ ಚಾಚಿದ; ಅಭ್ಯಾಸವಿಲ್ಲದ ಕೈ, ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಅವನ ಅಪ್ಪ ನಾಲಿಗೆಯಿಂದ ಚ್ಚ್ ಎಂದ. ಕ್ಯಾಪ್ಟನ್ ಬರೆದ ವರದಿಯಲ್ಲಿ ಚಾಲಕನ ಗಾಬರಿ ಮತ್ತು ಮಿತಿಮೀರಿದ ವೇಗ ಎಂದಿತ್ತು. ಕಾಲೇಜಿನ ಸಮಿತಿ ಬುಧವಾರ ಮಧ್ಯಾಹ್ನ ಮೂರಕ್ಕೆ ಕೂರುತ್ತದೆ. ಅವನನ್ನು ಒಂದು ವರ್ಷ ಹೊರಗಿಡುತ್ತಾರೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಬುಧವಾರ ಎಂದರೆ ಇನ್ನು ಸ್ವಲ್ಪ ಹೊತ್ತಿಗೆ ಬೆಳಗಾದರೆ ಅದೇ.

ಗೋಡೆಯಾಚೆ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

"ರಾತ್ರಿಯೆಲ್ಲ ಏನ್ರೀ ಅದು, ಟಿಕ್ ಟಿಕ್ ಅಂತ?" ಅಮ್ಮ ಬೆಳಿಗ್ಗೆ ಡಬ್ಬಿಗೆ ಮುಚ್ಚಳ ಹಾಕುತ್ತ ಕೇಳಿದಳು. "ಮನೆಗೆ ಇಲಿ ಬಂತು ಅಂದ್ಕೊಂಡೆ."

"ಇಲಿನೇ. ಕನ್ನಡಕ ಹಾಕ್ಕೊಂಡ ಇಲಿ" ಎಂದ ಅಪ್ಪ.

"ಜೋಕ್ ಮಾಡ್ತಾ ಕೂತಿರಿ. ಡಾಕ್ಟ್ರು ಆಪರೇಷನ್ನಿಗೆ ದಿನ ಗೊತ್ತು ಮಾಡಿ ಅಂದಿದಾರೆ. ಕಾಣದೇ ಇದ್ರೂ ಕಾಣುತ್ತೆ ಅನ್ನೋ ಗಂಡಸು ಇವರು" ಎಂದು ಅಮ್ಮ ಅವಳ ಕಡೆ ನೋಡಿ, "ನಿನ್ನ ಮುಖ ಯಾಕೇ ಹಂಗಾಗಿದೆ? ನಿದ್ದೆ ಮಾಡ್ಲಿಲ್ವಾ?" ಎಂದಳು. ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದಳು. ಶಾಲೆಯೊಂದರ ಆಫೀಸಿನಲ್ಲಿ ಅಮ್ಮನಿಗೆ ಕೆಲಸ, ಒಂಬತ್ತಕ್ಕೆ ಅಲ್ಲಿರಬೇಕು. ಗೇಟಿನ ಚಿಲಕ ಬಿದ್ದ ಮೇಲೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಹೇಳುವುದಾದರೆ ಈಗ. ಮೇಷ್ಟ್ರು ಹತ್ತಕ್ಕೆ ಬರುತ್ತಾರೆ. ಅಪ್ಪ ಟೀ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತಿದ್ದ. ಅವನು ಎಷ್ಟು ದಿನದಿಂದ ಬಸಿಯನ್ನು ಹೀಗೆ ಎರಡು ಕೈಯಲ್ಲಿ ಹಿಡಿಯುತ್ತಿದ್ದಾನೆ? ಅಂಚು ಎಲ್ಲಿ ಮುಗಿಯುತ್ತದೆ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿಕೊಂಡು ಆಮೇಲೆ ತುಟಿಗೆ ತರುತ್ತಿದ್ದ. ಅವಳು "ಅಪ್ಪಾ" ಎಂದಳು. ಅವನು ಮುಖ ಎತ್ತಿದ. ಕಣ್ಣಿನ ನಡುವೆ ಹಾಲಿನ ಹನಿ ಬಿದ್ದಂಥ ಮಸುಕು. ಆ ಕಣ್ಣು ತನ್ನನ್ನು ನೋಡುತ್ತಿದೆಯೋ ತನ್ನ ಹಿಂದಿನ ಕಿಟಕಿಯನ್ನೋ ಅವಳಿಗೆ ತಿಳಿಯಲಿಲ್ಲ. "ಇನ್ನೊಂದು ಚೂರು ಟೀ ಹಾಕ್ಲಾ?" ಎಂದಳು. "ಹಾಕು ಪುಟ್ಟಿ" ಎಂದ.

ಮೇಷ್ಟ್ರು ಒಳಗೆ ಬರುವಾಗಲೇ ಸಂಕೋಚದಿಂದ ಕುಗ್ಗಿದ್ದರು. ರಿಂಗುಗಳನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಗಂಟು ಬಿಚ್ಚಿ ಶೆಡ್ಡಿನ ಬೆಂಚಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕು. "ಹಳೇ ಜೊತೆ ಇದು, ಕರೆಕ್ಟಾಗಿದೆ. ಇದು ಹೊಸದು. ಸ್ಪೇರ್. ಆ ದಿನ ಕಾರಿನಲ್ಲಿ ಇದ್ದದ್ದು ಇದೇ. ನಾನೇ ತಪ್ಪು ಮಾಡ್ದೆ ಯಜಮಾನ್ರೇ. ನಿಮ್ಮ ಕೆಲಸ ಅಂತ ಅಳೆದು ನೋಡದೇನೇ ಒಳಗೆ ತಗೊಂಡೆ. ಮೊನ್ನೆ ರಾತ್ರಿ ಯಾಕೋ ಅನುಮಾನ ಬಂದು ಬಿಚ್ಚಿ ನೋಡ್ದೆ." ಅಪ್ಪ ಹೊಸ ಜೊತೆಯಲ್ಲಿ ಒಂದನ್ನು ಎತ್ತಿಕೊಂಡು ವರ್ನಿಯರಿನ ದವಡೆಗೆ ಸಿಕ್ಕಿಸಿದ. ದೀಪದ ಹತ್ತಿರ ಹಿಡಿದ. ಭೂತಗನ್ನಡಿ ತೆಗೆದ. ಕಣ್ಣಿನಿಂದ ದೂರ ಹಿಡಿದ, ಹತ್ತಿರ ಹಿಡಿದ. ಹಣೆಯ ಮೇಲೆ ಬೆವರು ಮೂಡಿತು. ಮೇಷ್ಟ್ರು ಬೇರೆ ಕಡೆ ನೋಡುತ್ತ ನಿಂತರು. ಕೊನೆಗೆ ಅಪ್ಪ ಅದನ್ನು ಅವಳ ಕಡೆ ಚಾಚಿದ.

"ನೀನು ಓದು."

ಅವಳು ತೆಗೆದುಕೊಂಡಳು. ಗೆರೆಗಳು ಒಂದರ ಎದುರು ಒಂದು ನೆಟ್ಟಗೆ ನಿಂತಿದ್ದವು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಎಷ್ಟು ಸರಿಯಾಗಿ ಕಡೆದಿದ್ದಳು!

"ಎಂಟು" ಎಂದಳು.

"ಎಂಟು ಪಾಯಿಂಟ್?"

"ಎಂಟೇ, ಅಪ್ಪ."

ಮೇಷ್ಟ್ರು ಕೆಮ್ಮಿದರು. "ಅಲ್ಲ, ನಾನು ಯೋಚಿಸೋದು ಏನಂದ್ರೆ, ನಿಮ್ಮ ಕೈಯಿಂದ ಬಂದಾದ್ಮೇಲೆ ಬೇರೆ ಯಾರಾದ್ರೂ ಇದನ್ನ ಮತ್ತೆ ಕಡೆದಿರಬಹುದಾ ಅಂತ. ಕಾಲೇಜಲ್ಲೂ ಲೇತ್ ಇದೆ. ಹುಡುಗ್ರು ಒಂದೊಂದ್ಸಲ ಹೇಳ್ದೆ ಕೇಳ್ದೆ..." ಎಂದು ಅವಳ ಕಡೆ ನೋಡಿದರು. ಅನುಮಾನದ ನೋಟವಲ್ಲ. ನಿನಗೇನಾದರೂ ಗೊತ್ತೇ ಎಂದು ಕೇಳುವ, ಕೆಲಸಕ್ಕಾಗಿ ಹೆದರಿದ ಮನುಷ್ಯನ ನೋಟ. ನಕ್ಷೆಯಲ್ಲಿ ಅವರ ಸಹಿಯೂ ಇತ್ತು. ನಾಲಿಗೆಯ ತುದಿಯಲ್ಲಿ ಮೊದಲ ಮಾತು ಬಂದು ನಿಂತಿತು. ರಾತ್ರಿ ಜೋಡಿಸಿಟ್ಟ ನಾಲ್ಕರಲ್ಲಿ ಮೊದಲನೆಯದು: ಮೇಷ್ಟ್ರೇ, ನಾನು. ಅಷ್ಟರಲ್ಲಿ ಅಪ್ಪ ರಿಂಗನ್ನು ವರ್ನಿಯರಿನಿಂದ ಬಿಡಿಸಿ ಕಣ್ಣು ಮುಚ್ಚಿಕೊಂಡ. ಹೆಬ್ಬೆರಳನ್ನು ಹೊರ ಅಂಚಿನ ಮೇಲೆ ಒಂದು ಸುತ್ತು ಓಡಿಸಿದ. ಆಮೇಲೆ ಕಿರುಬೆರಳನ್ನು ಒಳಕ್ಕೆ ಹಾಕಿ ಒಳ ಅಂಚನ್ನು ಸವರಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು. ಅದು ದುಃಖವೋ ಸಮಾಧಾನವೋ ಹೇಳುವಂತಿರಲಿಲ್ಲ.

"ಇಲ್ಲ ಮೇಷ್ಟ್ರೇ" ಎಂದ. "ಇದು ನನ್ನದೇ ಕೈ."

"ಇನ್ನೊಂದ್ಸಲ ನೋಡಿ."

"ನೋಡೋದೇನು? ಬೇರೆಯವರ ಕೈ ಆಗಿದ್ರೆ ಮುಟ್ಟಿದ ತಕ್ಷಣ ಗೊತ್ತಾಗ್ತಿತ್ತು. ಅಂಚು ಮುರಿದಿರೋದು ನೋಡಿ, ಒಳಗೂ ಹೊರಗೂ. ನಿಮ್ಮ ಹುಡುಗ್ರ ಕೈಯಲ್ಲಿ ಇದು ಬರುತ್ತಾ? ಈ ಊರಲ್ಲಿ ಯಾವ ಟರ್ನರ್ ಕೈಯಲ್ಲಿ ಬರುತ್ತೆ ತೋರ್ಸಿ." ಆ ಮಾತಿನಲ್ಲಿ ಹಳೆಯ ಗತ್ತು ಒಂದು ಗಳಿಗೆ ತಲೆ ಎತ್ತಿ ಹಾಗೇ ಬಾಗಿತು. "ಕೆಲಸ ನನ್ನದೇ. ಅಳತೆ ಮಾತ್ರ ಕಣ್ಣಿಗೆ ಸಿಗಲಿಲ್ಲ. ಓದೋಕೆ ಆಗ್ತಿರಲಿಲ್ಲ, ಅಂದಾಜಿನ ಮೇಲೆ ಹೋದೆ. ನಾಚಿಕೆ ಆಗುತ್ತೆ ಹೇಳ್ಕೊಳ್ಳೋಕೆ."

ಅವಳು ಬೆಂಚಿನ ಅಂಚನ್ನು ಹಿಡಿದುಕೊಂಡಳು. ಇಷ್ಟು ವರ್ಷ ಆ ಬೆರಳುಗಳು ತನ್ನ ಕೆಲಸದ ಮೇಲೆ ಓಡಾಡಿ ಏನಾದರೂ ಹೇಳಲಿ ಎಂದು ಅವಳು ಕಾದಿದ್ದಳು. ಹೇಳಿದವು. ಅವಳಿಗೆ ನಗು ಬಂದ ಹಾಗಾಯಿತು, ಮತ್ತು ಅದರ ಕೆಳಗೆ, ಅವಳು ಒಪ್ಪಿಕೊಳ್ಳಲು ಬಯಸದ, ಬೆಚ್ಚನೆಯ ಹೆಮ್ಮೆಯೊಂದು ಸುಳಿದು ಮರೆಯಾಯಿತು.

ಮೇಷ್ಟ್ರು ಚೀಲದಿಂದ ಬಿಳಿ ಹಾಳೆ ತೆಗೆದರು. "ಹಂಗಾದ್ರೆ, ತಪ್ಪು ತಿಳ್ಕೋಬೇಡಿ ಯಜಮಾನ್ರೇ, ಒಂದು ಮಾತು ಬರೆದುಕೊಡ್ತೀರಾ? ಮೂರು ಗಂಟೆಗೆ ಸಮಿತಿ ಇದೆ. ಇದು ಸಿಕ್ಕರೆ ಆ ಹುಡುಗ ಬಚಾವಾಗ್ತಾನೆ. ನಿಮ್ಮ ಮೇಲೆ ಯಾರೂ ಕೇಸು ಗೀಸು ಅಂತ ಹೋಗಲ್ಲ, ಅದನ್ನ ನಾನು ನೋಡ್ಕೋತೀನಿ."

"ಹುಡುಗನ ಕೈ ಹೇಗಿದೆ?"

"ಹೆಬ್ಬೆರಳು ಮಡಚಲ್ಲ."

ಅಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಮಡಚಿದ, ಬಿಚ್ಚಿದ. "ಬರ್ಕೋ ಪುಟ್ಟಿ" ಎಂದ. "ನಂಗೆ ಗೆರೆ ಕಾಣಲ್ಲ. ನಿನ್ನ ಅಕ್ಷರ ಚೆನ್ನಾಗಿದೆ."

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಬೆಂಚಿನ ಮೇಲೆ ಎಣ್ಣೆಯ ಕಲೆ ಇಲ್ಲದ ಜಾಗ ನೋಡಿ ಹಾಳೆ ಇಟ್ಟಳು. ಅಪ್ಪ ಗೋಡೆಯ ಕಡೆ ತಿರುಗಿ ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ನಾನು ಇಷ್ಟು ವರ್ಷದಿಂದ ಟರ್ನರ್ ಕೆಲಸ ಮಾಡುತ್ತಿದ್ದು. ಎರಡೂ ಕಣ್ಣಿಗೆ ಪೊರೆ ಬಂದಿದ್ದು. ಅದನ್ನು ಯಾರಿಗೂ ತಿಳಿಸದೆ ಕೆಲಸ ಒಪ್ಪಿಕೊಂಡಿದ್ದು. ಅಪ್ಪ ಎಲ್ಲವನ್ನೂ ಒಂದೇ ಉಸಿರಿನ ವಾಕ್ಯ ಮಾಡಿದ್ದ. ಅವಳು ಅಲ್ಲಲ್ಲಿ ಬಿಡಿಸಿದಳು. "ನಕ್ಷೆಯಲ್ಲಿ ಹನ್ನೆರಡು ಅಂತ ಸರಿಯಾಗೇ ಇತ್ತು ಅಂತ ಬರಿ. ಅದು ಮುಖ್ಯ" ಎಂದ. ಬರೆದಳು. "ಹುಡುಗರದ್ದಾಗಲಿ, ಮೇಷ್ಟ್ರದ್ದಾಗಲಿ ಏನೂ ತಪ್ಪಿಲ್ಲ." ಬರೆದಳು. ಹುಡುಗರು ಎಂದರೆ ಅದರಲ್ಲಿ ತಾನೂ ಸೇರಿದ್ದೇನೆಯೇ ಎಂದು ಲೇಖನಿ ಒಂದು ಗಳಿಗೆ ತಡೆಯಿತು. ಈಗ ಹೇಳಿದರೆ? ಅಪ್ಪನಿಗೆ ಕೆಲಸ ವಾಪಸು ಬರುತ್ತದೆಯೇ? ಹೇಗೂ ಕಣ್ಣಿಲ್ಲ. ಗುಬ್ಬಿ ಹೇಗೂ ಪಾರಾದ. ಮೇಷ್ಟ್ರ ಸಹಿ ಉಳಿಯಿತು. ಹೇಳಿದರೆ ಯಾರಿಗೆ ಏನು ಸಿಗುತ್ತದೆ, ತನ್ನ ಒಬ್ಬಳ ನಿದ್ದೆ ಬಿಟ್ಟು? ಇದು ಲೆಕ್ಕ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿತು ಎಂದು ಅವಳಿಗೇ ಗಾಬರಿಯಾಯಿತು. ಯಾವ ಕಡೆಯಿಂದ ನೋಡಿದರೂ ಒಂದು ಮಿಲಿಮೀಟರ್ ಉಳಿಯುತ್ತಿತ್ತು.

"ಓದು" ಎಂದ ಅಪ್ಪ. ಓದಿದಳು. ಮೇಷ್ಟ್ರು ಕರವಸ್ತ್ರವನ್ನು ಮಡಿಸಿ ಮತ್ತೆ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಅಪ್ಪ ತಲೆಯಾಡಿಸಿ ಲೇಖನಿ ಕೇಳಿದ. ಸಹಿ ಎಲ್ಲಿ ಎಂದು ಕಾಣದೆ ಅವನ ಕೈ ಹಾಳೆಯ ಮೇಲೆ ತಡಕಾಡಿತು. ಅವಳು ಆ ಕೈಯನ್ನು ಹಿಡಿದು ಕೊನೆಯ ಸಾಲಿನ ಕೆಳಗೆ, ಬಲಗಡೆ, ಇಟ್ಟಳು. ಒರಟು ಕೈ, ಬಿಸಿಯಾಗಿತ್ತು. "ಇಲ್ಲೇನಾ?" "ಇಲ್ಲೇ ಅಪ್ಪ." ಸಹಿ ಹಾಕಿದ.

ಮೇಷ್ಟ್ರು ಗೇಟು ದಾಟಿದ ಮೇಲೆ ಅಪ್ಪ ಲೇತಿನ ಮೇಲೆ ಹಳೆಯ ಗೋಣಿಯನ್ನು ಹೊದಿಸಿದ, ತುದಿಗಳನ್ನು ಎಳೆದು ಸರಿ ಮಾಡಿದ. ಅವಳು ಸಹಾಯಕ್ಕೆ ಕೈ ಚಾಚಿದಳು, "ಬಿಡು, ಎಣ್ಣೆ ಹತ್ತುತ್ತೆ" ಎಂದ. ಮುಖ ನೋಡಿದರೆ ಅಂಥ ಸಂಕಟವೇನೂ ಕಾಣಲಿಲ್ಲ. ಯಾರೋ ಹೇಳಿ ಕಳಿಸಿದ್ದ ಕೆಟ್ಟ ಸುದ್ದಿ ಕೊನೆಗೂ ಬಂದು ತಲುಪಿದವನ ಹಾಗಿದ್ದ.

"ನಿನ್ನ ಲೆಕ್ಕ ಸರಿ ಇತ್ತು ಪುಟ್ಟಿ. ಅದೊಂದು ನಂಗೆ ಸಮಾಧಾನ" ಎಂದ. "ರಾತ್ರಿಯೆಲ್ಲ ಅದೇ ಯೋಚನೆ. ನಿನ್ನ ಲೆಕ್ಕವೇನಾದ್ರೂ ತಪ್ಪಿತ್ತಾ, ಆ ಹುಡುಗನ ಕೈ ನಿನ್ನಿಂದ ಹೋಯ್ತಾ ಅಂತ. ನೀನಿನ್ನೂ ಬದುಕಿ ಬಾಳಬೇಕಾದವಳು, ಅಂಥದ್ದನ್ನ ಹೊತ್ಕೊಂಡು ಹೇಗಿರ್ತೀಯ? ನಂದೇನು, ಮುಗಿದ ಕೈ."

ಅವಳು ಬೆಂಚಿನ ಮೇಲಿದ್ದ ವರ್ನಿಯರಿನ ದವಡೆ ಮುಚ್ಚಿ ಪಕ್ಕಕ್ಕಿಟ್ಟಳು.

"ನಿಮ್ಮಮ್ಮಂಗೆ ಹೇಳ್ಬೇಡ. ನಾನು ಹೇಳಿರ್ಲಿಲ್ವಾ ಅಂತ ಜೀವ ತಿಂತಾಳೆ."

"ಇಲ್ಲಪ್ಪ" ಎಂದಳು. ಆಮೇಲೆ, ಅಷ್ಟು ಸಾಲದೆಂಬಂತೆ, "ಯಾರಿಗೂ ಹೇಳಲ್ಲ" ಎಂದಳು. ಅಪ್ಪ ಅವಳ ತಲೆಯನ್ನು ಸವರಲು ಕೈ ಎತ್ತಿದ. ದೂರ ಗೊತ್ತಾಗದೆ ಕೈ ಕಿವಿಗೆ ತಾಗಿತು, ಅಲ್ಲೇ ಎರಡು ಸಲ ತಟ್ಟಿ ಒಳಗೆ ಹೋದ. ಅವಳು ಶೆಡ್ಡಿನಲ್ಲೇ ನಿಂತಳು. ಗುಬ್ಬಿಗೆ ಹೇಳುವುದಿಲ್ಲ. ಮೇಷ್ಟ್ರಿಗೆ ಹೇಳುವುದಿಲ್ಲ. ಅಮ್ಮನಿಗೆ, ಮುಂದೆ ಎಂದಾದರೂ ಯಾರಾದರೂ ಪಕ್ಕದಲ್ಲಿ ಮಲಗಿ, ಯಾಕೆ ಎಚ್ಚರವಾಗಿದ್ದೀಯ ಎಂದು ಕೇಳಿದರೆ ಅವರಿಗೆ, ಅಪ್ಪನ ಕಣ್ಣಿನ ಪೊರೆ ತೆಗೆದು ಅವನು ಎಲ್ಲವನ್ನೂ ಸ್ಪಷ್ಟವಾಗಿ ನೋಡತೊಡಗಿದ ದಿನ ಅವನಿಗೆ, ಯಾರಿಗೂ ಹೇಳುವುದಿಲ್ಲ. ನಿರ್ಧಾರ ಅಷ್ಟೇನೂ ಕಷ್ಟವಾಗಲಿಲ್ಲ. ಅಪ್ಪನಿಗೆ ಕೊಟ್ಟ ಮಾತು ಎಂದು ಅದಕ್ಕೊಂದು ಹೆಸರಿಟ್ಟುಕೊಳ್ಳಬಹುದಿತ್ತು. ಅವಳು ಹಾಗೆಯೇ ಇಟ್ಟುಕೊಂಡಳು.